ದಾಖಲೆಯಲ್ಲಿಲ್ಲದ ಕೋಣೆ

ಎಡತೋಳನ್ನು ರವಿಕೆಗೆ ಕೂಡಿಸುತ್ತಿದ್ದ ಕುಸುಮ ಅಂಗೈಯಿಂದ ಚಕ್ರವನ್ನು ಒತ್ತಿಹಿಡಿದು ಮಿಷನ್ ನಿಲ್ಲಿಸಿದಳು. ಸೂಜಿ ಬಟ್ಟೆಯೊಳಗೆ ಹೊಕ್ಕಂತೆಯೇ ನಿಂತಿತು. ಬಾಗಿಲಲ್ಲಿ ಸೂಪರ್‌ವೈಸರ್ ಕುಶಾಲಪ್ಪ ಕೊಡೆ ಮಡಚುತ್ತಾ ನಿಂತಿದ್ದರು.

"ಅದು ಪರೀಕ್ಷೆಯ ಪೋಪ್ಲಿನ್ ಅಲ್ವಾ?"

ಬಂಟ್ವಾಳ ಪೇಟೆಯ ಆ ಹೊಲಿಗೆ ತರಬೇತಿ ಕೇಂದ್ರದಲ್ಲಿ ಆರು ಮಿಷನ್‌ಗಳಿದ್ದವು. ಆ ಬೆಳಿಗ್ಗೆ ಓಡುತ್ತಿದ್ದದ್ದು ಅದೊಂದೇ. ನಾಲ್ವರು ಹೆಂಗಸರು ಸುತ್ತ ಕುಳಿತು ಹುಕ್ಕು ನಿನಗೆ, ಕೊರಳಪಟ್ಟಿ ನನಗೆ ಎಂದು ಕೆಲಸ ಹಂಚಿಕೊಂಡಿದ್ದರು. ಆರನೆಯವಳು ಸೈನಬ, ಅವಳು ಎಲ್ಲರ ಮಕ್ಕಳನ್ನೂ ಗುಡ್ಡೆ ಹಾಕಿಕೊಂಡು ಹೊರಗೆ ಜಗಲಿಯಲ್ಲಿದ್ದಳು. ಟೀಚರ್ ಶಶಿಪ್ರಭಾ ತಮ್ಮ ಮೇಜಿನ ಹಿಂದೆ ಕುಳಿತು, ಏನೂ ಕಾಣದವರ ಹಾಗೆ ಹಳೆಯ ಪ್ಯಾಟರ್ನ್ ಕಾಗದಗಳನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು.

"ಹೌದು ಸಾರ್," ಎಂದಳು ಕುಸುಮ. "ನೀಲಕ್ಕನಿಗೆ ರವಿಕೆ."

"ಯಾವ ನೀಲಕ್ಕ?"

"ನಿಮ್ಮ ಆಫೀಸು ಗುಡಿಸುವ ನೀಲಾವತಿ. ಹದಿನೈದು ವರ್ಷ ಗುಡಿಸಿದವಳು."

"ಅವಳು ನಿನ್ನೆ ಸಂಜೆ ತೀರಿಹೋದಳು ಅಂತ ಸುದ್ದಿ ಬಂತಲ್ಲ?"

"ತೀರಿಹೋದ ಕಾರಣವೇ ಹೊಲಿಯುವುದು. ಇರುವಾಗ ಹೊಲಿದುಕೊಡುವ ಬುದ್ಧಿ ನಮಗೆ ಯಾರಿಗೂ ಬರ್ಲಿಲ್ಲ."

ಕುಶಾಲಪ್ಪ ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ; ಕಾಗದದವರು. ಕಾಗದದಲ್ಲಿ ಇದ್ದದ್ದು ಅವರಿಗೆ ಇತ್ತು, ಇಲ್ಲದ್ದು ಇರಲಿಲ್ಲ. ಈಗ ಅವರ ಕಣ್ಣು ಮಂಗಳವಾರದ ಪರೀಕ್ಷೆಗೆಂದು ಬಂದ ಬಟ್ಟೆಯಲ್ಲಿ ಮುಕ್ಕಾಲು ಗಜದ ಕೊರತೆಯನ್ನು ಕಾಣುತ್ತಿತ್ತು.

"ಒಬ್ಬೊಬ್ಬರಿಗೆ ಇಷ್ಟು ಅಂತ ಲೆಕ್ಕ ಮಾಡಿ ಬಂದದ್ದು. ಮಂಗಳೂರಿನಿಂದ ಪರೀಕ್ಷಕರು ಬಂದು ಕೇಳಿದ್ರೆ ನಾನು ಎಂತ ಹೇಳುವುದು?"

ಜಗಲಿಯಿಂದ ಸೈನಬ ಒಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡೇ ಬಂದು ಕಿಟಕಿಗೆ ಮುಖ ತಂದಳು. "ಇಲಿ ತಿಂದಿತು ಅಂತ ಬರೀರಿ ಸಾರ್. ವರ್ಷ ವರ್ಷ ಮಕ್ಕಳ ಹಾಲಿನಪುಡಿ ತಿಂದದ್ದು ಅಂತ ಬರಿಯುತ್ತೀರಲ್ಲ, ಅದೇ ಇಲಿ. ಇಷ್ಟು ಹಾಲು ಕುಡಿದ ಇಲಿಗೆ ಒಂದು ರವಿಕೆ ಬೇಡವಾ?"

ಹೆಂಗಸರಲ್ಲಿ ಒಬ್ಬಳು ನಕ್ಕುಬಿಟ್ಟಳು. ನಕ್ಕವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಬಾಯಿ ಜಾಸ್ತಿ ಆಯ್ತು," ಎಂದರು ಕುಶಾಲಪ್ಪ. ಮುಖ ಕೆಂಪಾಗಿತ್ತು. "ಸಾವಿಗೆ ಹೋಗುವವರು ಹೋಗಿ. ನಾನೂ ಬರ್ತೇನೆ, ಬರದೆ ಇರ್ಲಿಕ್ಕೆ ಆಗ್ತದಾ? ಆದರೆ ಎರಡು ಗಂಟೆಗೆ ಹಾಜರಿ. ಬಾರದವರಿಗೆ ಆಬ್ಸೆಂಟ್. ಕುಸುಮ, ನಿನ್ನ ಮೂವತ್ತು ರಜೆಯೂ ಮುಗಿದಿದೆ. ಇನ್ನು ಒಂದು ದಿನ ತಪ್ಪಿದರೆ ಪರೀಕ್ಷೆಗೆ ಕೂರಿಸ್ಲಿಕ್ಕೆ ನನಗೆ ಅಧಿಕಾರ ಇಲ್ಲ. ನನ್ನನ್ನು ಆಮೇಲೆ ದೂರಬೇಡ."

ಅವರು ಹೋದ ಮೇಲೆ ಕುಸುಮ ಚಕ್ರ ತಿರುಗಿಸಿದಳು. ಹೊಲಿಗೆ ಎರಡು ಕಡೆ ಓರೆಯಾಯಿತು. ಬಿಚ್ಚಿ ಮತ್ತೆ ಹಾಕಿದಳು.

ಆ ರವಿಕೆಯ ಅಳತೆ ತರಲು ಅವಳು ಬೆಳಿಗ್ಗೆಯೇ ದೋಣಿಯಲ್ಲಿ ಹೊಳೆ ದಾಟಿ ನರಿಕೊಂಬಿನ ನೀಲಕ್ಕನ ಮನೆಗೆ ಹೋಗಿ ಬಂದಿದ್ದಳು. ಕೇಂದ್ರದಲ್ಲಿ ಎಲ್ಲರೂ ಎಲ್ಲರ ಅಳತೆ ತೆಗೆದವರೇ. ಎದೆ ಇಷ್ಟು, ಸೊಂಟ ಇಷ್ಟು, ತೋಳಿನ ಉದ್ದ ಇಷ್ಟು ಎಂದು ನೋಟುಪುಸ್ತಕದ ತುಂಬ ಬರೆದುಕೊಂಡವರೇ. ನೀಲಾವತಿಯ ಅಳತೆ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳ ಕೈಯಲ್ಲಿ ಸದಾ ಯಾರದೋ ಮಗು ಇರುತ್ತಿತ್ತು. ಟೇಪು ಸುತ್ತಲು ಜಾಗವೇ ಇರಲಿಲ್ಲ.

*

ಕೇಂದ್ರ ತೆರೆದ ೧೯೫೪ರಲ್ಲಿ ಬಂಟ್ವಾಳ ಇನ್ನೂ ಮದರಾಸಿಗೆ ಸೇರಿತ್ತು. ಮೊದಲ ತಂಡದಲ್ಲಿ ಹದಿನೆಂಟು ಹೆಂಗಸರು. ಹತ್ತೊಂಬತ್ತರ ಶಶಿಪ್ರಭಾ ಮೂಡುಬಿದಿರೆಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಎಂಟನೇ ಕ್ಲಾಸು ಪಾಸಾದವಳೆಂದು ಅವಳನ್ನೇ ಲೀಡರ್ ಮಾಡಿದ್ದರು. ನೀಲಾವತಿಗೆ ಆಗ ಮೂವತ್ತು. ಗಂಡ ಘಟ್ಟದ ಮೇಲೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಅಕ್ಕ ಹೆರಿಗೆಯಲ್ಲಿ ಸತ್ತು, ಅವಳ ಮಗ ಲೋಕನಾಥನನ್ನು ಇವಳೇ ಸಾಕುತ್ತಿದ್ದಳು. ಅವನಿಗೆ ನಾಲ್ಕು ವರ್ಷ. ಬಿಟ್ಟು ಬರಲು ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ಬಟ್ಟೆಯ ಮೇಲೆ ಗೆರೆ ಹಾಕದೆ ಕತ್ತರಿ ಆಡಿಸುತ್ತಿದ್ದವಳು ಆ ತಂಡದಲ್ಲಿ ನೀಲಾವತಿ ಒಬ್ಬಳೇ. ಅವಳು ಕತ್ತರಿಸಿದ್ದನ್ನು ಎತ್ತಿ ಹಿಡಿದು ಆಗಿನ ಟೀಚರು, "ನೋಡಿ, ಕೈ ಅಂದರೆ ಇದು," ಎಂದಿದ್ದರು. ಲೋಕನಾಥ ಅವಳ ಮಿಷನ್ನಿನ ಕೆಳಗೆ ಕುಳಿತು ಚಿಂದಿಯಲ್ಲಿ ಆಡುತ್ತಿದ್ದ. ಒಂದು ದಿನ ತನಿಖೆಗೆ ಸಾಹೇಬರು ಬಂದಿದ್ದಾಗಲೇ ಅವನು ಬೆಲ್ಟಿಗೆ ಬೆರಳು ಕೊಟ್ಟ. ಬೆರಳಿಗೆ ಏನೂ ಆಗಲಿಲ್ಲ, ಉಗುರು ಕಪ್ಪಾಯಿತು ಅಷ್ಟೆ. ಆದರೆ ಬೊಬ್ಬೆ ರಸ್ತೆಗೆ ಕೇಳಿತು.

"ಇದು ತರಬೇತಿ ಕೇಂದ್ರವೋ ಬಾಲವಾಡಿಯೋ?" ಎಂದು ಸಾಹೇಬರು ಕೇಳಿದರು. ಮರುದಿನವೇ ಗೋಡೆಗೆ ಕಾಗದ ಅಂಟಿತು: ಮಕ್ಕಳನ್ನು ತರಕೂಡದು.

ನೀಲಾವತಿ ನೆರೆಮನೆ, ದೋಣಿಯವನ ಹೆಂಡತಿ, ದೂರದ ನೆಂಟರು ಎಂದು ದಿನಕ್ಕೊಬ್ಬರನ್ನು ಬೇಡಿದಳು. ಯಾರೂ ಸಿಗದ ದಿನ ಮನೆಯಲ್ಲಿ ಉಳಿದಳು. ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಅವಳ ಗೈರುಹಾಜರಿ ಮೂವತ್ತೊಂದಾಯಿತು. ಹೆಸರು ಹೊಡೆದುಹಾಕುವ ಕೆಲಸ ಲೀಡರ್‌ನದು. ಶಶಿಪ್ರಭಾ ರೂಲುದೊಣ್ಣೆ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದಳು. ಗೆರೆ ಬಹಳ ನೇರವಾಗಿ ಬಂತು.

ಮರುವಾರ ನೀಲಾವತಿ ಹಿಡಿಸೂಡಿ ಹಿಡಿದು ಬಂದಳು. "ಗುಡಿಸ್ಲಿಕ್ಕೆ ಜನ ಬೇಕು ಅಂದ್ರಂತೆ. ಗುಡಿಸುವವಳು ಮಗು ತರಬಾರದು ಅಂತ ಕಾಗದದಲ್ಲಿ ಇಲ್ಲವಲ್ಲ?" ಎಂದಳು. ಯಾರೂ ಇಲ್ಲ ಎನ್ನಲಿಲ್ಲ.

*

ನರಿಕೊಂಬಿನ ಅಂಗಳದಲ್ಲಿ ನಾಲ್ಕು ಹೆಂಗಸರು ಹಳೆ ಸೀರೆಗಳನ್ನು ಎತ್ತಿಹಿಡಿದು ಮರೆ ಮಾಡಿದ್ದರು. ಒಳಗೆ ನೆರೆಮನೆಯ ಕಾಂತಿ, ಊರಿನ ಹೆಣಗಳಿಗೆಲ್ಲ ಸ್ನಾನ ಮಾಡಿಸಿ ಪಳಗಿದ ಮುದುಕಿ, ನೀಲಾವತಿಗೆ ಅರಸಿನ ಹಚ್ಚಿ ಕೊನೆಯ ತಂಬಿಗೆ ನೀರು ಹಾಕುತ್ತಿದ್ದಳು. ಲೋಕನಾಥ ಬೆಳ್ತಂಗಡಿಯಿಂದ ಬೆಳಗಿನ ಬಸ್ಸಿಗೇ ಬಂದು ಮುಟ್ಟಿದ್ದ. ಈಗ ಅವನು ಬಸ್ಸಿನವನೇ, ಮೂಡುಬಿದಿರೆ ದಾರಿಯ ಕಂಡಕ್ಟರ್. ಅಕ್ಕನ ಮಗನಾದ ಅವನೇ ಕೊಳ್ಳಿ ಇಡಬೇಕಾದವನು. ಹೆಗಲ ಮೇಲೆ ಒದ್ದೆ ಬೈರಾಸು ವಸ್ತ್ರ ಹಾಕಿಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಂಗಳದ ತುದಿಯಲ್ಲಿ ನಿಂತಿದ್ದ.

ಕುಸುಮ ಮತ್ತು ಸೈನಬ ಮರೆಯೊಳಗೆ ಬಂದರು. ಕಾಂತಿ ತಲೆ ಎತ್ತಿದಳು.

"ನೀನು ಬ್ಯಾರಿಗಳ ಮನೆಯವಳಲ್ವಾ? ನೀನು ಹೊರಗೆ ನಿಲ್ಲು ಮಗಾ."

"ನನ್ನ ಮಗ ಒಂಬತ್ತು ತಿಂಗಳಿಂದ ಈ ಮಡಿಲಲ್ಲಿ ಹೇತು ಉಚ್ಚೆ ಹೊಯ್ದು ದೊಡ್ಡವನಾದದ್ದು," ಎಂದಳು ಸೈನಬ. "ಅದು ಒಳಗೆ ಆಗ್ತದೆ, ನಾನು ಹೊರಗೆ ನಿಲ್ಲಬೇಕಾ ಕಾಂತಿಯಕ್ಕ?"

ಕಾಂತಿ ಒಂದು ಗಳಿಗೆ ಅವಳನ್ನು ನೋಡಿದಳು. "ಆಯ್ತು ಮಾರಾಯ್ತಿ. ಆ ಸೀರೆಯ ತುದಿ ಹಿಡಿ. ಇವಳಿಗೆ ಕೈ ಸೋತಿದೆ."

ಕುಸುಮ ರವಿಕೆ ಬಿಚ್ಚಿ ತೋರಿಸಿದಳು. ಬಿಳಿ ಪೋಪ್ಲಿನ್, ಮುಂದೆ ಐದು ಹುಕ್ಕು, ಮೊಣಕೈವರೆಗೆ ತೋಳು, ತೋಳಿನ ಅಂಚಿಗೆ ಸಣ್ಣ ಮಡಿಕೆ. ಪರೀಕ್ಷೆಗೆ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದ್ದರು. ಎಲ್ಲೂ ಒಂದು ಎಳೆ ದಾರ ಹೊರಗೆ ಇಣುಕುತ್ತಿರಲಿಲ್ಲ.

ಕಾಂತಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ನೀಲಾವತಿಯ ಬಲಗೈಯನ್ನು ಎತ್ತಲು ಹೋದಳು. ಕೈ ಮರದ ಕೊರಡಿನ ಹಾಗೆ ಮೈಗೆ ಅಂಟಿಕೊಂಡೇ ಇತ್ತು.

"ಇದನ್ನು ಎಲ್ಲಿಂದ ತೂರಿಸ್ತೀರಿ ಮಕ್ಕಳೇ?"

ಕುಸುಮ ಬಗ್ಗಿ ಎಡಗೈಯನ್ನು ಎತ್ತಲು ನೋಡಿದಳು. ಅದೂ ಏಳಲಿಲ್ಲ.

"ಎದ್ದು ಕೂತು ಕೈ ಚಾಚ್ತಾಳೆ ಅಂತ ಎಣಿಸಿದ್ರಾ? ನಿನ್ನೆ ಸಂಜೆ ಹೋದ ಹೆಣ. ಬೆನ್ನು ತೆರೆದೇ ಹೊಲಿಯಬೇಕಿತ್ತು, ಮುಂದಿನಿಂದ ಹೊದೆಸಿ ಅಡಿಗೆ ಸಿಕ್ಕಿಸಿದರೆ ಮುಗೀತಿತ್ತು. ಇಷ್ಟೂ ಗೊತ್ತಿಲ್ವಾ? ನಿಮಗೆ ಹೊಲಿಗೆ ಕಲಿಸಿದ್ದು ಯಾರು?"

ಮರೆಯ ಆಚೆ ಶಶಿಪ್ರಭಾ ನಿಂತಿದ್ದರು. "ನಾನು," ಎಂದರು.

ಕುಸುಮ ರವಿಕೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಬೆಳಗಿನಿಂದ ಎದೆಯಲ್ಲಿ ಕಟ್ಟಿದ್ದ ಸಿಟ್ಟಿಗೆ ಒಂದು ದಾರಿ ಸಿಕ್ಕಿದಂತಾಗಿ, ಬೆನ್ನಿನ ನಟ್ಟನಡುವೆ ಹಲ್ಲಿನಿಂದ ಕಚ್ಚಿ, ಎರಡು ಕೈಯಿಂದ ಎಳೆದಳು. ಹೊಸ ಬಟ್ಟೆ ಹರಿದ ಸದ್ದು ಅಂಗಳದ ಗಂಡಸರಿಗೂ ಕೇಳಿತು. ಲೋಕನಾಥ ಬೆಚ್ಚಿ ಈ ಕಡೆ ನೋಡಿದ.

ಮುಂದಿನಿಂದ ಹೊದೆಸಿ, ತೋಳುಗಳ ಅಡಿಯನ್ನೂ ಬಿಚ್ಚಿ, ಅಂಚುಗಳನ್ನು ಬೆನ್ನಿನಡಿಗೆ ಸಿಕ್ಕಿಸಿದರು. ಮೇಲೆ ಸೀರೆ ಉಡಿಸಿದರು. ಎದುರಿನಿಂದ ನೋಡಿದರೆ ಅಳತೆ ಸರಿಯಾಗಿತ್ತು. ಭುಜದ ಮೇಲೆ ಕೂದಲೆಳೆಯಷ್ಟೂ ಸುಕ್ಕಿರಲಿಲ್ಲ.

ಚಾವಡಿಯಲ್ಲಿ ಮಲಗಿಸಿದ ಮೇಲೆ ಲೋಕನಾಥ ಶಶಿಪ್ರಭಾರ ಹತ್ತಿರ ಬಂದ. "ಟೀಚರೇ, ಚಿಕ್ಕಮ್ಮ ಯಾವಾಗಲೂ ಹೇಳ್ತಿದ್ರು, ನಾನೂ ಕಲಿಯಲಿಕ್ಕೆ ಹೋದವಳು, ಆದರೆ ನನಗೆ ಕೈ ಕೂಡಿಬರ್ಲಿಲ್ಲ ಅಂತ. ಪರೀಕ್ಷೆಯಲ್ಲಿ ಫೇಲಾದದ್ದಂತೆ ಹೌದಾ?"

ಶಶಿಪ್ರಭಾ ಅವನ ಬಲಗೈಯ ಬೆರಳುಗಳನ್ನೇ ನೋಡುತ್ತಿದ್ದರು. "ಪರೀಕ್ಷೆಗೆ ಕೂರ್ಲೇ ಇಲ್ಲ ಲೋಕನಾಥ. ಕೂತಿದ್ದರೆ ನನ್ನ ಕುರ್ಚಿಯಲ್ಲಿ ಅವಳಿರ್ತಿದ್ದಳು."

"ಮತ್ತೆ ಯಾಕೆ?"

"ರಜೆ ಜಾಸ್ತಿ ಆಯ್ತು ಅಂತ ಹೆಸರು ಹೊಡೆದರು. ಹೊಡೆದದ್ದು ಅಂದರೆ... ನಾನೇ ಹೊಡೆದದ್ದು."

"ಎಂತಕ್ಕೆ ರಜೆ ಹಾಕಿದ್ರು ಚಿಕ್ಕಮ್ಮ?"

ಉತ್ತರ ಕೊಟ್ಟವಳು ಕಾಂತಿ, ಕುಂಕುಮದ ಕೈ ಒರೆಸಿಕೊಳ್ಳುತ್ತಾ. "ನಿನ್ನನ್ನು ಎಲ್ಲಿ ಬಿಡುವುದು ಅಂತ ಮಗಾ. ನನ್ನ ಹತ್ತಿರವೂ ಬಂದಿದ್ದಳು. ನನಗೆ ಗದ್ದೆ ಇತ್ತು. ಆಗುವುದಿಲ್ಲ ಅಂದೆ."

ಲೋಕನಾಥ ಬೈರಾಸಿನಿಂದ ಮುಖ ಮುಚ್ಚಿಕೊಂಡ. ಅತ್ತನೋ ಇಲ್ಲವೋ ಯಾರಿಗೂ ಕಾಣಲಿಲ್ಲ.

*

ಕುಸುಮ ಮೊದಲ ಬಾರಿ ಕೇಂದ್ರದ ಗೇಟಿಗೆ ಬಂದಾಗ ಅವಳ ಮಗುವಿಗೆ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಅದು ಹೊಟ್ಟೆಯಲ್ಲಿರುವಾಗಲೇ ಗಂಡ ಚಾರ್ಮಾಡಿ ಘಾಟಿಯಲ್ಲಿ ಲಾರಿಯ ಜೊತೆ ಕಣಿವೆಗೆ ಬಿದ್ದಿದ್ದ. ಈಗ ಅಣ್ಣನ ಮನೆ. ಅತ್ತಿಗೆ ಬಾಯಿಬಿಟ್ಟೇ ಹೇಳಿದ್ದಳು: "ನನಗೆ ಐದು ಉಂಟು. ಆರನೆಯದನ್ನು ನನ್ನ ತಲೆಗೆ ಕಟ್ಟಿ ನೀನು ಪೇಟೆಗೆ ಹೋಗುವುದು ಬೇಡ." ಪರೀಕ್ಷೆ ಪಾಸಾದರೆ ಬ್ಲಾಕ್ ಆಫೀಸಿನಿಂದ ಒಂದು ಮಿಷನ್ ಸಿಗುತ್ತದೆ, ಮಿಷನ್ ಸಿಕ್ಕಿದರೆ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಬೇರೆ ಇರಬಹುದು: ಇಷ್ಟು ಲೆಕ್ಕ ಹಾಕಿ ಅವಳು ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಕುಶಾಲಪ್ಪ ಗೋಡೆಯ ಕಾಗದ ತೋರಿಸಿದರು. ಅವಳು ತಿರುಗಿ ಹೊರಟಳು.

ಗೇಟಿನ ಬಳಿ ಹಿಡಿಸೂಡಿ ಅಡ್ಡ ಬಂತು.

"ಎಲ್ಲಿಗೆ?"

"ಮನೆಗೆ."

"ಮನೆಯಲ್ಲಿ ಎಂತ ಉಂಟು? ಮಗುವನ್ನು ಇಲ್ಲಿ ಕೊಡು. ನೀನು ಒಳಗೆ ಹೋಗು. ಹೋಗುವಾಗ ತಿರುಗಿ ನೋಡಬೇಡ, ನೋಡಿದ್ರೆ ಅದು ಅಳ್ತದೆ, ನೀನೂ ಅಳ್ತಿ, ನನಗೆ ಇಬ್ಬರನ್ನು ಸುಧಾರಿಸ್ಲಿಕ್ಕೆ ಆಗುವುದಿಲ್ಲ."

ಕಟ್ಟಡದ ಹಿಂದೆ ಹಿಂದಿನ ಮಾಲೀಕ ಸೌದೆ ಇಡುತ್ತಿದ್ದ ಒಂದು ಕೋಣೆ ಇತ್ತು. ಅದಕ್ಕೆ ನೀಲಾವತಿ ಸೆಗಣಿ ಸಾರಿಸಿ, ಜಂತಿಗೆ ಹಳೆ ಸೀರೆಗಳ ಮೂರು ತೊಟ್ಟಿಲು ಕಟ್ಟಿದ್ದಳು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಮಕ್ಕಳಿಗೆ ತಿನ್ನಿಸುವ ರಾಗಿ ಮಣ್ಣಿ. ಕುಶಾಲಪ್ಪನವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಅವರಿಗೂ ಮುಂಚಿನವರಿಗೂ ಗೊತ್ತಿತ್ತು. ಎಲ್ಲರೂ ಆ ಕಡೆಗೆ ಹೋಗದೆ ಇರುವ ಅಭ್ಯಾಸ ಮಾಡಿಕೊಂಡಿದ್ದರು.

ಪಾಠ ನಡೆಯುವಾಗ ಯಾರನ್ನೂ ಹೆಸರು ಕೂಗಿ ಕರೆಯುವಂತಿರಲಿಲ್ಲ. ಅದಕ್ಕೆ ನೀಲಾವತಿ ತನ್ನದೇ ಒಂದು ಕ್ರಮ ಮಾಡಿದ್ದಳು. ಯಾವ ತಾಯಿ ಯಾವ ಬಟ್ಟೆ ಹೊಲಿಯುತ್ತಾಳೋ ಅದರ ಚಿಂದಿಯ ಒಂದು ಪಟ್ಟಿ ಅವಳ ಮಗುವಿನ ಕೈಗೆ. ಅಂಥದೇ ಇನ್ನೊಂದು ಇವಳ ಸೊಂಟದಲ್ಲಿ. ಮಗು ಹಾಲಿಗೆ ಅತ್ತರೆ ಹಿಂದಿನ ಕಿಟಕಿಯಲ್ಲಿ ಆ ಬಣ್ಣದ ಪಟ್ಟಿ ಮೇಲೇಳುತ್ತಿತ್ತು. ನೀಲಿ ಗೆರೆಯದು ಸೈನಬಳದು, ಹಸಿರು ಕುಸುಮಳದು. ಬಣ್ಣ ನೋಡಿದವಳು ನೀರು ಕುಡಿಯುವ ನೆವದಲ್ಲಿ ಏಳುತ್ತಿದ್ದಳು. ಹಾಲು ಕೊಟ್ಟು ಬರುವಷ್ಟರಲ್ಲಿ ನೀಲಾವತಿ ನೆಲದ ಮೇಲೆ ಇದ್ದಿಲಿನಿಂದ ಕಂಕುಳ ಗೆರೆ ಬರೆದು ತಯಾರಾಗಿರುತ್ತಿದ್ದಳು.

"ಟೀಚರ್ ಈಗ ಹೇಳಿದ್ದು ಇದು. ನೀನು ಬರುವಾಗ ದಾಟಿಹೋಯ್ತು. ಇಲ್ಲಿ ಕಾಲಿಂಚು ಒಳಗೆ ತಕ್ಕೊ. ಇಲ್ಲದಿದ್ರೆ ಕೈ ಎತ್ತುವಾಗ ಇಡೀ ರವಿಕೆ ಎದ್ದು ಬರ್ತದೆ."

"ನಿಮಗೆ ಇದೆಲ್ಲ ಹೇಗೆ ಗೊತ್ತು ನೀಲಕ್ಕ?" ಎಂದು ಕುಸುಮ ಕೇಳಿದ್ದಳು.

"ಗುಡಿಸುವಾಗ ಕಿವಿ ಖಾಲಿ ಇರ್ತದಲ್ಲ," ಎಂದಿದ್ದಳು ಅವಳು.

ಮಗುವಿಗೆ ದಡಾರವಾಗಿ ಕುಸುಮ ಇಪ್ಪತ್ತು ದಿನ ಬಾರದೆ ಹೋದಾಗ, ನೀಲಾವತಿ ಅಣ್ಣನ ಮನೆಯ ಅಂಗಳಕ್ಕೆ ಬಂದು ನಿಂತಿದ್ದಳು. ಅತ್ತಿಗೆಗೆ ಏನು ಹೇಳಿದಳೋ, ಕುಸುಮಳಿಗೆ ಹೇಳಿದ್ದು ಒಂದೇ ಮಾತು. "ಮೂವತ್ತು ದಾಟಬಾರದು. ಇಪ್ಪತ್ತೊಂಬತ್ತಕ್ಕೆ ನಾನೇ ಬಂದು ಎಳೆದುಕೊಂಡು ಹೋಗ್ತೇನೆ."

*

ಶವದ ಬಾಯಿಗೆ ತುಳಸಿ ನೀರು ಬಿಡುವ ಹೊತ್ತಿಗೆ ಕುಶಾಲಪ್ಪ ಬಂದರು. ಜವಾನ ಒಂದು ಸೇವಂತಿಗೆ ಹಾರ ಹಿಡಿದು ಹಿಂದೆ ಬರುತ್ತಿದ್ದ. ಹಾರವನ್ನು ಅವರು ಶವದ ಕಾಲ ಬಳಿ ಇಟ್ಟು, ಚಪ್ಪಲಿ ಬಿಟ್ಟಲ್ಲೇ ನಿಂತು, ನೆರೆದವರ ಕಡೆಗೆ ತಿರುಗಿದರು. ಮಾತಾಡಲೇಬೇಕೆಂದು ಯಾರೂ ಹೇಳಿರಲಿಲ್ಲ.

"ನೀಲಾವತಿ ಹದಿನೈದು ವರ್ಷ ನಮ್ಮ ಕೇಂದ್ರದಲ್ಲಿ ಬಹಳ ಪ್ರಾಮಾಣಿಕವಾಗಿ ಗುಡಿಸಿದ್ದಾಳೆ. ಒಂದು ದೂರು ಇರಲಿಲ್ಲ. ಇಲಾಖೆಯ ಪರವಾಗಿ..." ಮುಂದಿನದು ಮರೆತು ಅವರು ಕೆಮ್ಮಿದರು. ಕೆಮ್ಮು ಮುಗಿದ ಮೇಲೆ, ಇದನ್ನೂ ಹೇಳಿಬಿಡುವುದು ಒಳ್ಳೆಯದೆಂದು ತೋರಿತೇನೋ. "ಅಂದ ಹಾಗೆ, ಆ ಹಿಂದಿನ ಗೋಡೌನಿಗೆ ಇವತ್ತು ಬೀಗ ಹಾಕಿಸ್ತೇನೆ. ಹಾಲಿನಪುಡಿಯ ಡಬ್ಬಿಗಳು ಬರ್ಲಿಕ್ಕೆ ಉಂಟು. ನಾಳೆಯಿಂದ ಮಕ್ಕಳನ್ನು ಯಾರೂ ತರಬೇಡಿ."

ತುಳಸಿಯ ಕೊಡಿ ಹಿಡಿದಿದ್ದ ಕುಸುಮಳ ಕೈ ತಂಬಿಗೆಯ ಮೇಲೆಯೇ ನಿಂತಿತು.

"ನಾಳೆ ಶುಕ್ರವಾರ ಸಾರ್. ಪರೀಕ್ಷೆ ಮಂಗಳವಾರ."

"ಗೊತ್ತುಂಟು."

"ನಾಲ್ಕು ದಿನ. ನಾಲ್ಕೇ ದಿನ ಆ ಕೋಣೆ ಬಿಡಿ. ನಾವು ಸರದಿಯಲ್ಲಿ ನೋಡಿಕೊಳ್ತೇವೆ."

"ಯಾವ ಕೋಣೆ? ಅಂಥ ಒಂದು ಕೋಣೆ ದಾಖಲೆಯಲ್ಲೇ ಇಲ್ಲ ಕುಸುಮ. ಮಕ್ಕಳ ಕೋಣೆ ಅಂತ ಎಲ್ಲೂ ಇಲ್ಲ. ಇದ್ದದ್ದು ಗೋಡೌನ್. ನೀಲಾವತಿ ಏನೋ ಮಾಡಿಕೊಂಡಿದ್ದಳು, ನಾವೂ ಕಣ್ಣು ಮುಚ್ಚಿದ್ದೆವು. ಈಗ ಅವಳೇ ಇಲ್ಲ. ನಾಳೆ ಒಂದು ಮಗುವಿಗೆ ಏನಾದರೂ ಆದರೆ ಯಾರು ಹೊಣೆ? ನನ್ನ ಮೇಲೂ ಒಬ್ಬರಿದ್ದಾರೆ."

"ಕೋಣೆ ಇರಲಿಲ್ಲವಾ?" ಕುಸುಮಳ ದನಿ ಏರಿತು. ಸಾವಿನ ಮನೆಯೆಂಬುದನ್ನು ಅವಳು ಮರೆತಿರಲಿಲ್ಲ, ಅದಕ್ಕೇ ಏರಿತು. "ಹದಿನೈದು ವರ್ಷ ನಮ್ಮ ಮಕ್ಕಳು ಎಲ್ಲಿದ್ದವು ಹಾಗಾದ್ರೆ? ಮರದ ಮೇಲಾ? ನಿಮ್ಮ ಕೇಂದ್ರದಿಂದ ಪಾಸಾದ ಹೆಂಗಸರು ಇಷ್ಟು ಅಂತ ಪ್ರತಿ ವರ್ಷ ಬೋರ್ಡಿನಲ್ಲಿ ಬರೀತೀರಲ್ಲ, ಅವರು ಮಕ್ಕಳನ್ನು ಹೊಳೆಗೆ ಹಾಕಿ ಬಂದು ಪಾಸಾದದ್ದಾ?"

"ಕುಸುಮ," ಎಂದರು ಶಶಿಪ್ರಭಾ ಮೆಲ್ಲಗೆ.

"ನೀವು ಸುಮ್ಮನಿರಿ ಟೀಚರೇ. ನೀವು ಸುಮ್ಮನಿದ್ದೇ ಇಷ್ಟಾದದ್ದು."

"ಸಾವಿನ ಮನೆಯಲ್ಲಿ ನಾನು ವಾದ ಮಾಡುವುದಿಲ್ಲ," ಎಂದು ಕುಶಾಲಪ್ಪ ಚಪ್ಪಲಿ ಮೆಟ್ಟಿದರು. "ಎರಡು ಗಂಟೆಗೆ ಹಾಜರಿ."

ಲೋಕನಾಥ ಅವರ ಹಿಂದೆಯೇ ಅಂಗಳದವರೆಗೆ ಹೋದ. ಹೊಡೆಯುತ್ತಾನೋ ಎಂದು ಎಲ್ಲರೂ ಉಸಿರು ಹಿಡಿದರು. ಅವನು ಹೊಡೆಯಲಿಲ್ಲ. ಕಾಲ ಬಳಿಯಿಂದ ಎತ್ತಿ ತಂದಿದ್ದ ಸೇವಂತಿಗೆ ಹಾರವನ್ನು ಅವರ ಕೈಗೇ ಕೊಟ್ಟ.

"ಇದನ್ನು ತೆಗೆದುಕೊಂಡು ಹೋಗಿ ಸಾರ್. ಬೀಗಕ್ಕೆ ಹಾಕಿ."

*

ಶವ ಹೊಳೆಬದಿಗೆ ಹೊರಟ ಮೇಲೆ ಹೆಂಗಸರು ಉಳಿದರು. ಮಾವಿನ ಸೌದೆಯ ಹೊಗೆ ತೋಟದ ಮೇಲೆ ಏಳುವವರೆಗೂ ಆರು ಜನ ಜಗಲಿಯಲ್ಲಿ ಕುಳಿತಿದ್ದರು. ಮಕ್ಕಳು ಅಂಗಳದಲ್ಲಿ ಅರಸಿನ ನೀರಿನ ಕೆಸರಿನಲ್ಲಿ ಆಡುತ್ತಿದ್ದವು. ಕುಸುಮಳ ಮಗಳು ಈಗ ಹೆಜ್ಜೆ ಇಡುತ್ತಿದ್ದಳು. ನಾಲ್ಕು ಹೆಜ್ಜೆ, ಆಮೇಲೆ ಧೊಪ್ಪೆಂದು ಕೂರುವುದು.

"ನೀನು ಪರೀಕ್ಷೆ ಕೊಡು," ಎಂದಳು ಸೈನಬ. "ನಾನು ಮಕ್ಕಳನ್ನು ಹಿಡಿದುಕೊಳ್ತೇನೆ. ನನಗೆ ಮುಂದಿನ ವರ್ಷ ಆದೀತು. ನನ್ನ ಬಾಪ ಅನ್ನಕ್ಕೆ ತೊಂದರೆ ಮಾಡುವುದಿಲ್ಲ."

"ಮುಂದಿನ ವರ್ಷ ನಿನ್ನದನ್ನು ಯಾರು ಹಿಡಿದುಕೊಳ್ತಾರೆ?"

"ಬೇರೆ ಯಾರಾದರೂ."

"ಆ ಬೇರೆ ಯಾರೋ ಒಬ್ಬಳು ಹದಿನೈದು ವರ್ಷ ಹಿಡಿದುಕೊಂಡು ಈಗ ಅಲ್ಲಿ ಉರಿಯುತ್ತಿದ್ದಾಳೆ," ಎಂದು ಕುಸುಮ ಹೊಗೆಯ ಕಡೆ ಕೈ ತೋರಿಸಿದಳು. "ಗುಡಿಸುವವಳು ಅಂತ ಬರೆಸಿಕೊಂಡು. ನೀನೂ ಹಿಡಿಸೂಡಿ ತಕ್ಕೊಳ್ತೀಯಾ? ತಕ್ಕೊ. ಆಮೇಲೆ ನಿನ್ನ ಕೋಣೆಯೂ ಇರಲಿಲ್ಲ ಅಂತಾರೆ."

ಸೈನಬ ಕೆಸರಿನಿಂದ ಮಗನನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಕಾಂತಿ ಒಳಗಿನಿಂದ ಬಂದಳು. "ಹೊಳೆಗೆ ಹೋಗಿ ಮುಳುಗಿ ಬನ್ನಿ ಮಕ್ಕಳೇ. ಗಂಟೆ ಒಂದಾಯ್ತು. ಮನೆಗೆ ಹೋಗುವವರು ಹೋಗಿ, ಮಿಷನಿಗೆ ಹೋಗುವವರು ಹೋಗಿ. ಇಲ್ಲಿ ಕೂತು ಅತ್ತರೆ ಅವಳು ಎದ್ದು ಬಂದು ಬೈತಾಳೆ."

ಹೊಳೆಯಲ್ಲಿ ಮುಳುಗಿ, ತಲೆಕೂದಲಿನ ನೀರು ಬೆನ್ನಿಗಿಳಿಯುತ್ತಿರುವಂತೆಯೇ ಅವರು ದೋಣಿ ಹತ್ತಿದರು. ಆರು ತಾಯಂದಿರು, ಏಳು ಮಕ್ಕಳು. ಒಂದು ಬದಿಗೆ ಶಶಿಪ್ರಭಾ. ನಡುಹೊಳೆಯಲ್ಲಿ ಕುಸುಮ ಎಲ್ಲರ ಮುಖ ನೋಡಿ, "ಯಾರೂ ಮಗುವನ್ನು ಮನೆಗೆ ಕೊಂಡುಹೋಗುವುದು ಬೇಡ," ಎಂದಳು. "ನನ್ನ ಜೊತೆ ಬನ್ನಿ."

ಕೇಂದ್ರದ ಹಿಂದಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಒಲೆಯ ಮೂರು ಕಲ್ಲು, ಮಣ್ಣಿ ಕಾಯಿಸುವ ಪಾತ್ರೆ, ಬಿಚ್ಚಿ ಸುತ್ತಿದ ತೊಟ್ಟಿಲ ಸೀರೆಗಳು ಹೊರಗೆ ಮಣ್ಣಿನ ಮೇಲೆ ಬಿದ್ದಿದ್ದವು. ಕುಸುಮ ಅವನ್ನು ನೋಡಿದಳು. ಬಗ್ಗಿ ಒಂದನ್ನೂ ಎತ್ತಲಿಲ್ಲ. ಸುತ್ತಿ ಬಂದು ಆಫೀಸಿನ ಮೆಟ್ಟಿಲು ಹತ್ತಿದಳು.

ಎರಡಕ್ಕೆ ಐದು ನಿಮಿಷ. ಕುಶಾಲಪ್ಪ ಮೇಜಿನ ಮುಂದೆ ಹಾಜರಿ ತೆರೆದಿಟ್ಟುಕೊಂಡು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ಕುಸುಮ ಮಗಳನ್ನು ಮೇಜಿನ ಮೇಲೆ, ತೆರೆದ ಪುಸ್ತಕದ ನಟ್ಟನಡುವೆ ಕೂರಿಸಿದಳು. ಮಗುವಿನ ಒದ್ದೆ ಚಡ್ಡಿಯ ಕೆಳಗೆ ಅವತ್ತಿನ ತಾರೀಕು ಹರಡಿಕೊಂಡಿತು.

"ಎಂತ ಇದು? ಎಂತ ಮಾಡ್ತಿದ್ದಿ?"

"ಕೋಣೆ ದಾಖಲೆಯಲ್ಲಿ ಇಲ್ಲ ಅಂದ್ರಿ. ಈ ಆಫೀಸು ಉಂಟಲ್ಲ?"

ಅವಳ ಹಿಂದಿನಿಂದ ಸೈನಬ ಬಂದಳು. ಮಗನನ್ನು ಫೈಲುಗಳ ಪಕ್ಕದಲ್ಲಿ ಇಳಿಸಿದಳು. "ಇವನಿಗೆ ಮೂರು ಗಂಟೆಗೆ ಹಸಿವಾಗ್ತದೆ ಸಾರ್. ಹಾಲಿನಪುಡಿ ಬರ್ತದೆ ಅಂದ್ರಲ್ಲ, ಒಂದು ಚಮಚ ಕದಡಿ ಕೊಡಿ. ಇಲಿಗೂ ಸ್ವಲ್ಪ ಇಡಿ." ಆಮೇಲೆ ಒಬ್ಬೊಬ್ಬರಾಗಿ ಉಳಿದ ನಾಲ್ವರು. ಒಂದು ಮಗು ಸ್ಟೂಲಿನ ಮೇಲೆ, ಎರಡು ಕುರ್ಚಿಯ ಕಾಲ ಬಳಿ, ಎರಡು ಬೀರುವಿನ ಮುಂದೆ.

"ಟೀಚರ್!" ಎಂದು ಕೂಗಿದರು ಕುಶಾಲಪ್ಪ. "ಟೀಚರ್, ಇವರಿಗೆ ಹೇಳಿ!"

ಶಶಿಪ್ರಭಾ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅವರ ಕಣ್ಣು ಏಳು ಮಕ್ಕಳ ಮೇಲೂ ಒಂದೊಂದಾಗಿ ಹೋಗಿ ಬಂತು. ಆಮೇಲೆ ಹೆಂಗಸರ ಹಿಂದೆಯೇ ಪಾಠದ ಕೋಣೆಗೆ ಹೋದರು.

ಕುಶಾಲಪ್ಪ ಎದ್ದು ನಿಲ್ಲಲು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಆ ಸದ್ದಿಗೆ ಮೇಜಿನ ಮೇಲಿದ್ದ ಕುಸುಮಳ ಮಗು ತಲೆ ಎತ್ತಿ ಅವರನ್ನು ನೋಡಿ, ನಗುತ್ತಾ, ಹಿಂದಕ್ಕೆ ವಾಲಿತು. ಅವರ ಎಡಗೈ ತಾನಾಗಿ ಮುಂದೆ ಹೋಗಿ ಅದರ ಬೆನ್ನಿಗೆ ಅಡ್ಡ ನಿಂತಿತು. ಮಗು ಆ ಕೈಗೆ ಒರಗಿಕೊಂಡಿತು. ಕೈ ತೆಗೆದರೆ ಬೀಳುತ್ತಿತ್ತು. ಬಲಗೈಯಲ್ಲಿ ಪೆನ್ನು ಹಾಗೆಯೇ ಇತ್ತು. ಬರೆಯಲು ಅಡಿಯಲ್ಲಿ ಜಾಗ ಇರಲಿಲ್ಲ. ಕೂರಲೂ ಆಗದೆ, ನೆಟ್ಟಗೆ ನಿಲ್ಲಲೂ ಆಗದೆ, ಅರ್ಧ ಬಾಗಿದಲ್ಲೇ ಅವರು ನಿಂತಿದ್ದರು. ಗೋಡೆಯಾಚೆ ಒಂದು ಮಿಷನ್ ಶುರುವಾಯಿತು, ಅದರ ಹಿಂದೆ ಎರಡು, ಆಮೇಲೆ ಆರೂ. ಮೇಜು ಸಣ್ಣಗೆ ಅದುರುತ್ತಿತ್ತು. ಮಗು ಅವರ ಅಂಗಿಯ ಗುಂಡಿಯೊಂದನ್ನು ಬಿಗಿಯಾಗಿ ಹಿಡಿದುಕೊಂಡಿತು.